ಎಲೆಕ್ಟ್ರಿಷಿಯನ್ ಮಷಿನ್ ಕೊಳ್ಳುವಾಗ: ವ್ಯಾಟ್ ಬಿಡಿ, ಗೋಡೆ ನೋಡಿ

ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದರೂ ಅಷ್ಟೇ, ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಅಷ್ಟೇ. ಡ್ರಿಲ್ಲಿಂಗ್ ಮಷಿನ್ ಬೇಕು ಅಂದ ಕೂಡಲೇ ಮಾತು ವ್ಯಾಟ್‌ನಿಂದ ಶುರುವಾಗುತ್ತದೆ. "ಇದು 800, ಇದು 1200. ಇದೇ ತಗೊಳ್ಳಿ ಸರ್, ಪವರ್ ಜಾಸ್ತಿ." ವ್ಯಾಟ್ ಅಂದರೆ ಮಷಿನ್ ಲೈನ್‌ನಿಂದ ಎಳೆದುಕೊಳ್ಳುವುದರ ಲೆಕ್ಕ. ಅದರಲ್ಲಿ ಬಿಟ್‌ನ ತುದಿಗೆ ಎಷ್ಟು ತಲುಪುತ್ತದೆ ಅನ್ನುವುದು ಬೇರೆಯೇ ಮಾತು. ಮೇಲಾಗಿ ಸ್ಟಿಕರ್ ಮೇಲಿನ ಅಂಕಿ ನಿಜವೇ ಅಂತ ನೋಡಲು ನಮಗೆ ಯಾರ ಸಹಾಯವೂ ಬೇಡ. 4000 ವ್ಯಾಟ್ ಅಂತ ಬರೆದ ಗೋಡೆ ಕತ್ತರಿಸುವ ಮಷಿನ್‌ಗಳು ಈಗ ಬೇಕಾದಷ್ಟು ಸಿಗುತ್ತವೆ. ಅದನ್ನು ಲೈನ್ ವೋಲ್ಟೇಜ್ 230ರಿಂದ ಭಾಗಿಸಿ ನೋಡಿ. 17 ಆಂಪ್ ದಾಟುತ್ತದೆ. 16 ಆಂಪ್ ಪ್ಲಗ್‌ಗೇ ಅದು ಜಾಸ್ತಿ ಆಯ್ತಲ್ವಾ? ಇನ್ನು ಮಷಿನ್‌ಗೆ ಕೊಟ್ಟಿರುವ ತೆಳ್ಳನೆ ವೈರ್ ಎಲ್ಲಿ ತಡೆಯಬೇಕು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ನಾನು ದಿನಾ ಯಾವ ಗೋಡೆಗೆ ಕೈ ಹಾಕುತ್ತೇನೆ? ಮನೆ ವೈರಿಂಗ್, ಅಂಗಡಿ ಕೆಲಸ, ಫ್ಲ್ಯಾಟ್ ರಿನೋವೇಶನ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಫ್ಯಾಕ್ಟರಿ ಪ್ಯಾನೆಲ್ ಕೆಲಸದವರ ಲೆಕ್ಕ ಬೇರೆ.

ಮೊದಲು ಗೋಡೆ

ಬೆಂಗಳೂರು, ಮೈಸೂರಿನ ಹೊಸ ಮನೆಗಳಲ್ಲಿ ಸಾಲಿಡ್ ಕಾಂಕ್ರೀಟ್ ಬ್ಲಾಕ್ ಜಾಸ್ತಿ. ಹೊರಗೋಡೆಗೆ 6 ಅಥವಾ 8 ಇಂಚು, ಒಳಗೋಡೆಗೆ 4 ಇಂಚು. ಇದಕ್ಕೆ ಏಟು ಬೇಕು, ಆದರೆ ತುಂಬಾ ಜೋರಾಗಿ ಬೇಡ. ಅಪಾರ್ಟ್‌ಮೆಂಟ್‌ಗಳಲ್ಲಿ ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿ ಗುಳ್ಳೆ ತುಂಬಿದ ಹಗುರ ಬ್ಲಾಕ್, ಸಿಗುತ್ತದೆ. ಅದು ಎಷ್ಟು ಮೆತ್ತಗೆ ಅಂದರೆ ಹ್ಯಾಮರ್ ಮೋಡ್‌ನಲ್ಲಿ, ಅಂದರೆ ಬಡಿಯುತ್ತಾ, ತೂತು ಹೊಡೆದರೆ 8 ಎಂಎಂ ಜಾಗದಲ್ಲಿ 12 ಎಂಎಂ ಗುಂಡಿಯಾಗುತ್ತದೆ, ಸ್ಕ್ರೂಗೆ ಹಾಕುವ ಪ್ಲಗ್ ಸುಮ್ನೆ ತಿರುಗುತ್ತದೆ. ಅದೇ ಅಪಾರ್ಟ್‌ಮೆಂಟ್‌ನ ಇನ್ನೊಂದು ಕಟ್ಟಡದಲ್ಲಿ ಪೂರ್ತಿ ಕಾಂಕ್ರೀಟ್‌ನಲ್ಲೇ ಎರಕ ಹೊಯ್ದ ಗೋಡೆ ಇರಬಹುದು. ಎಲ್ಲರೂ ಮೈವಾನ್ ಅನ್ನುವುದು ಅದಕ್ಕೇ. ಅಲ್ಲಿ ಸಾದಾ ಡ್ರಿಲ್ ಹಿಡಿದು ನಿಂತರೆ ಬಿಟ್ ಕೆಂಪಗಾಗುತ್ತದೆಯೇ ಹೊರತು ಗೋಡೆ ಅಲ್ಲಾಡುವುದಿಲ್ಲ.

ಕರಾವಳಿಗೆ ಬಂದರೆ ಕೆಂಪು ಕಲ್ಲು. ನೆಲದಿಂದ ಕಡಿದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಇದು. ತೂತು ಹೊಡೆಯುವುದು ಸುಲಭ. ಆದರೆ ಒಳಗೆಲ್ಲ ಸಣ್ಣ ಸಣ್ಣ ಪೊಳ್ಳು, ನಡುವೆ ಗಟ್ಟಿ ಹರಳು. ಬಿಟ್ ಒಂದು ಕಡೆಗೆ ಜಾರುತ್ತದೆ. ಮಳೆಗಾಲದಲ್ಲಿ ಒದ್ದೆ ಪುಡಿ ಬಿಟ್‌ನ ಸುರುಳಿಯಲ್ಲಿ ಮೆತ್ತಿಕೊಂಡು ಕೂರುತ್ತದೆ. ಇಲ್ಲಿ ಮಷಿನ್‌ನ ಶಕ್ತಿಗಿಂತ ಸ್ಪೀಡ್ ಕಂಟ್ರೋಲ್ ಮುಖ್ಯ. ಕಲಬುರಗಿ ಕಡೆಯ ಶಹಾಬಾದ್ ಕಲ್ಲಿನ ಗೋಡೆ, ಹಳೇ ಬೆಂಗಳೂರು, ಕೋಲಾರದ ಸೈಜುಕಲ್ಲಿನ ಗೋಡೆ ಇವೆಲ್ಲ ಇನ್ನೊಂದು ಜಾತಿ. ಸೈಜುಕಲ್ಲಿನಲ್ಲಿ ಗ್ರೂವ್, ಅಂದರೆ ಪೈಪ್ ಕೂರಿಸುವ ಕಾಲುವೆ, ಹೊಡೆಯುವ ಆಸೆಯನ್ನೇ ಬಿಡಿ. ಗೋಡೆ ಮೇಲೆ ವೈರ್ ಮುಚ್ಚುವ ಕೇಸಿಂಗ್ ಪಟ್ಟಿ ಹಾಕಿ, ಅದಕ್ಕೆ ಬೇಕಾದ ತೂತಿಗೆ ಮಾತ್ರ ಒಳ್ಳೆ ಹ್ಯಾಮರ್ ಇಟ್ಟುಕೊಳ್ಳಿ. ಮಲೆನಾಡಿನ ಹಳೇ ಮನೆಗಳಲ್ಲಿ ಮರದ ಅಟ್ಟ, ತೊಲೆ, ಮಣ್ಣಿನ ಗೋಡೆ. ಅಲ್ಲಿ ಏಟು ಕೊಡುವ ಮಷಿನ್‌ಗೆ ಕೆಲಸವೇ ಇಲ್ಲ. ಮರಕ್ಕೆ ಸಾದಾ ಚಕ್ (ಬಿಟ್ ಹಿಡಿಯುವ ಬಾಯಿ) ಇರುವ ಡ್ರಿಲ್ಲೇ ಬೇಕು.

ಇಂಪ್ಯಾಕ್ಟ್ ಡ್ರಿಲ್ಲೋ, ರೋಟರಿ ಹ್ಯಾಮರ್ರೋ

ಎರಡೂ ತಿರುಗುತ್ತವೆ, ಎರಡೂ ಬಡಿಯುತ್ತವೆ. ಬಡಿಯುವ ರೀತಿ ಮಾತ್ರ ಬೇರೆ, ದುಡ್ಡು ಕೊಡುವ ಮೊದಲು ತಿಳಿಯಬೇಕಾದ್ದು ಇದು.

ಇಂಪ್ಯಾಕ್ಟ್ ಡ್ರಿಲ್ ಒಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಹಾರುತ್ತವೆ. ಆ ಹಾರಾಟವೇ ಏಟು. ನಿಮಿಷಕ್ಕೆ 40,000ಕ್ಕಿಂತ ಜಾಸ್ತಿ ಸಲ, ಆದರೆ ಒಂದೊಂದೂ ತೀರಾ ಸಣ್ಣದು. ನೀವು ಹಿಂದಿನಿಂದ ಒತ್ತಿದರೆ ಮಾತ್ರ ಹಲ್ಲು ಕೂರುತ್ತದೆ, ಒತ್ತದಿದ್ದರೆ ಏಟೇ ಇಲ್ಲ. ಹಾಗಾಗಿ ಕಾಂಕ್ರೀಟ್‌ನಲ್ಲಿ ಕೊರೆಯುವಾಗ ಅರ್ಧ ಕೆಲಸ ನಿಮ್ಮ ಭುಜದ್ದು.

ರೋಟರಿ ಹ್ಯಾಮರ್‌ನಲ್ಲಿ ಮೋಟರ್ ಒಂದು ಪಿಸ್ಟನ್ ಓಡಿಸುತ್ತದೆ. ಪಿಸ್ಟನ್ ಮುಂದಿನ ಗಾಳಿ ಅದುಮಿಕೊಂಡು, ಒಳಗಿರುವ ಭಾರದ ತುಂಡನ್ನು ಬಿಟ್‌ನ ಹಿಂಬದಿಗೆ ಎಸೆಯುತ್ತದೆ. ನಿಮಿಷಕ್ಕೆ 4,000ದಿಂದ 5,000 ಏಟು, ಅಷ್ಟೇ. ಆದರೆ ಎರಡು-ಮೂರು ಕೆಜಿಯ ಸಣ್ಣ ಮಷಿನ್‌ನಲ್ಲೂ ಒಂದೊಂದು ಏಟು 2ರಿಂದ 3 ಜೂಲ್ ಇರುತ್ತದೆ; ಜೂಲ್ ಅಂದರೆ ಏಟಿನ ಶಕ್ತಿಯ ಅಳತೆ. ಕಾಂಕ್ರೀಟ್ ಒಡೆಯುವುದು ಇದಕ್ಕೆ. ಮಷಿನ್ ನೇರ ಹಿಡಿದುಕೊಂಡರೆ ಸಾಕು, ಒತ್ತಬೇಕಾಗಿಲ್ಲ. ಜೋರಾಗಿ ಒತ್ತಿದರೆ ಕೆಲಸ ನಿಧಾನವೇ ಆಗುತ್ತದೆ. ಆದ್ದರಿಂದ ಡಬ್ಬದ ಮೇಲೆ ವ್ಯಾಟ್ ಪಕ್ಕದಲ್ಲಿ ಜೂಲ್ ಎಷ್ಟು ಅಂತ ಹುಡುಕಿ. ಅದನ್ನು ಬರೆಯದೇ ಬರೀ ವ್ಯಾಟ್ ಬರೆದಿದ್ದರೆ, ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಅಂತ ನಾನು ಲೆಕ್ಕ ಹಾಕುತ್ತೇನೆ.

26 ಎಂಎಂ ಹ್ಯಾಮರ್ ಅಂದರೆ ಕಾಂಕ್ರೀಟ್‌ನಲ್ಲಿ 26 ಎಂಎಂವರೆಗೆ ಹೋಗಬಲ್ಲದು ಅಂತ ಅರ್ಥ. ದಿನಾ ಅದನ್ನೇ ಹೊಡೆಯಿರಿ ಅಂತಲ್ಲ. ನಾವು ಹೊಡೆಯುವುದು ಹೆಚ್ಚಾಗಿ 6, 8, 10 ಎಂಎಂ. ಆಗೊಮ್ಮೆ ಈಗೊಮ್ಮೆ ಗೋಡೆ ಆಚೆಗೆ ಪೈಪ್ ದಾಟಿಸಲು ಉದ್ದನೆಯ ದಪ್ಪ ಬಿಟ್. ಈ ಕೆಲಸಕ್ಕೆ 22 ಎಂಎಂ ಮಷಿನ್ ಕೂಡ ಸಾಲುತ್ತದೆ. ಏಣಿ ಮೇಲೆ ನಿಂತು ತಲೆ ಮೇಲೆ ಕೈ ಎತ್ತಿ ಮೋಲ್ಡ್‌ಗೆ (ಕಾಂಕ್ರೀಟ್ ಛಾವಣಿಗೆ) ತೂತು ಹೊಡೆಯುವವರಿಗೆ ಅರ್ಧ ಕೆಜಿ ಕಡಿಮೆ ಇರುವುದು ಸಂಜೆ ಹೊತ್ತಿಗೆ ಗೊತ್ತಾಗುತ್ತದೆ. 26 ಎಂಎಂ ತಗೊಳ್ಳಲು ನನ್ನ ಮಟ್ಟಿಗೆ ಕಾರಣ ಒಂದೇ. ಉಳಿ ಹಾಕಿ ಸ್ವಿಚ್ ಬಾಕ್ಸ್‌ಗೆ ಗುಂಡಿ ಒಡೆಯುವ ಕೆಲಸ ನಿಮಗೆ ಜಾಸ್ತಿ ಇದ್ದರೆ ಆ ಹೆಚ್ಚಿನ ಏಟು ಉಪಯೋಗಕ್ಕೆ ಬರುತ್ತದೆ.

ಇಲ್ಲೊಂದು ಸಣ್ಣ ವಿಷಯ ಅಂಗಡಿಯಲ್ಲಿ ತಪ್ಪಿಹೋಗುತ್ತದೆ. ರೋಟರಿ ಹ್ಯಾಮರ್‌ನಲ್ಲಿ ಎರಡು ಮೋಡ್‌ನವೂ ಇವೆ, ಮೂರು ಮೋಡ್‌ನವೂ ಇವೆ. ಎರಡು ಮೋಡ್‌ನದು ಬರೀ ತಿರುಗುತ್ತದೆ, ಇಲ್ಲವೇ ತಿರುಗುತ್ತಾ ಬಡಿಯುತ್ತದೆ. ತಿರುಗದೇ ಬಡಿಯುವ ಮೂರನೇ ಮೋಡ್ ಇದ್ದರೆ ಮಾತ್ರ ಉಳಿ ಕೆಲಸ ಸಾಧ್ಯ. ಎಲೆಕ್ಟ್ರಿಷಿಯನ್‌ಗೆ ಮೂರನೆಯದು ಬೇಕೇ ಬೇಕು. ಕೈಯಲ್ಲಿ ಸುತ್ತಿಗೆ ಉಳಿ ಹಿಡಿದು 8 ಮಾಡ್ಯೂಲ್ ಬಾಕ್ಸ್‌ಗೆ ಗುಂಡಿ ತೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಇನ್ನು ಚಕ್. ರೋಟರಿ ಹ್ಯಾಮರ್‌ಗೆ ಬರುವುದು ಎಸ್‌ಡಿಎಸ್ ಪ್ಲಸ್ ಬಿಟ್, 10 ಎಂಎಂ ದಪ್ಪದ, ಗೀರು ಕೊರೆದ ಹಿಡಿ. ತಳ್ಳಿದರೆ ಕೂರುತ್ತದೆ, ಕೀ ಬೇಡ. ಹಿಡಿಗೆ ಚೂರು ಗ್ರೀಸ್ ಸವರಿ ಹಾಕಿ, ಮಷಿನ್ ಬಾಳಿಕೆ ಬರುತ್ತದೆ. ಇದಕ್ಕೆ ಅಡಾಪ್ಟರ್ ಚಕ್ ಹಾಕಿ ಮರ, ಕಬ್ಬಿಣ ಕೊರೆಯಬಹುದು ಅಂತ ಅಂಗಡಿಯವರು ಹೇಳುತ್ತಾರೆ. ಆಗುತ್ತದೆ, ಇಲ್ಲ ಅನ್ನಲ್ಲ. ಆದರೆ ಅಡಾಪ್ಟರ್ ಅಲುಗಾಡುತ್ತದೆ, ತೂತು ನೇರ ಬರುವುದಿಲ್ಲ, ಮರೆತು ಹ್ಯಾಮರ್ ಮೋಡ್‌ನಲ್ಲಿ ಓಡಿಸಿದರೆ ಚಕ್ ಹಾಳು. ಡಿಬಿ ಬಾಕ್ಸ್‌ನ (ಎಂಸಿಬಿಗಳು ಕೂರುವ ಡಿಸ್ಟ್ರಿಬ್ಯೂಶನ್ ಬೋರ್ಡ್‌ನ) ತಗಡಿಗೆ, ಮರದ ಬೋರ್ಡ್‌ಗೆ ಬೇರೆ ಡ್ರಿಲ್ ಇಟ್ಟುಕೊಳ್ಳುವುದೇ ಒಳ್ಳೆಯದು.

ಹಾಗಾದರೆ ಇಂಪ್ಯಾಕ್ಟ್ ಡ್ರಿಲ್ ಯಾರಿಗೆ? ಇಟ್ಟಿಗೆ ಗೋಡೆ, ಕೆಂಪು ಕಲ್ಲು, ಮರ, ತಗಡು ಎಲ್ಲ ಬೆರೆತ ರಿಪೇರಿ ಕೆಲಸ ಮಾಡುವವರಿಗೆ. ದಿನಕ್ಕೆ ಹತ್ತಾರು ತೂತು ಮಾತ್ರ ಇರುವವರಿಗೆ. 500 ವ್ಯಾಟ್‌ನ ಒಂದು ಒಳ್ಳೆ ಕಂಪನಿಯ ಡ್ರಿಲ್ ಒಂದೂವರೆ ಕೆಜಿ ಚಿಲ್ಲರೆ ತೂಗುತ್ತದೆ, ಬ್ಯಾಗ್‌ನಲ್ಲಿ ಕೂರುತ್ತದೆ. ಹೊಸ ಮನೆ ವೈರಿಂಗ್ ಹಿಡಿಯುವವರು, ಕಾಂಕ್ರೀಟ್ ಮೋಲ್ಡ್‌ಗೆ ಫಿಟಿಂಗ್ ಹಾಕುವವರು ಮೊದಲ ದುಡ್ಡಿನಲ್ಲೇ ರೋಟರಿ ಹ್ಯಾಮರ್ ತಗೊಳ್ಳಲಿ. ಅಗ್ಗದ ರೋಟರಿ ಹ್ಯಾಮರ್ ಮತ್ತು ದುಬಾರಿ ಇಂಪ್ಯಾಕ್ಟ್ ಡ್ರಿಲ್ ಎರಡರ ಬೆಲೆ ಹತ್ತಿರ ಹತ್ತಿರ ಬಂದು ನಿಂತಾಗ, ಕಾಂಕ್ರೀಟ್ ಕೆಲಸಕ್ಕೆ ಕಣ್ಣು ಮುಚ್ಚಿ ಹ್ಯಾಮರ್ ಕಡೆ ಹೋಗಿ.

ಗೀಸರ್ ಹಾಕುವವರಿಗೆ ಒಂದು ಮಾತು. ಟೈಲ್ಸ್ ಮೇಲೆ ಯಾವ ಮಷಿನ್ ಆದರೂ ಮೊದಲು ಏಟು ಬಂದ್ ಮಾಡಿ, ನಿಧಾನ ತಿರುಗಿಸಿ ಟೈಲ್ಸ್ ದಾಟಿಸಿ. ಆಮೇಲೆ ಬೇಕಾದರೆ ಹ್ಯಾಮರ್ ಹಾಕಿ. ಒಡೆದ ಟೈಲ್ಸ್‌ನ ಜೋಡಿ ಅಂಗಡಿಯಲ್ಲಿ ಯಾವತ್ತೂ ಸಿಗುವುದಿಲ್ಲ.

ಗ್ರೂವ್ ಹೊಡೆಯಲು ಯಾವುದು

ಇಲ್ಲಿ ಆಯ್ಕೆ ಮೂರು: ಗ್ರೈಂಡರ್, ಎಲ್ಲರೂ ಸಿಎಂ ಫೋರ್ ಅನ್ನುವ ಮಾರ್ಬಲ್ ಕಟರ್, ಮತ್ತು ವಾಲ್ ಚೇಸರ್. ಯಾವುದು ಸರಿ ಅನ್ನುವುದು ಪೈಪ್ ಎಷ್ಟು ಆಳ ಕೂರಬೇಕು ಅನ್ನುವುದರ ಮೇಲೆ ನಿಂತಿದೆ. ಪ್ಲಾಸ್ಟ್ರಿಂಗ್‌ಗೆ ಮೊದಲು ಕೆಲಸ ಮಾಡುವುದಾದರೆ ಮೇಲೆ ಹೇಗೂ 12ರಿಂದ 15 ಎಂಎಂ ಗಾರೆ ಬರುತ್ತದೆ. ಆಗ 25 ಎಂಎಂ ಪೈಪ್‌ಗೆ 25-30 ಎಂಎಂ ಆಳ ಸಾಕು. ಗಾರೆ ಆದ ಮೇಲೆ, ಅಂದರೆ ರಿನೋವೇಶನ್‌ನಲ್ಲಿ, ಅದೇ ಪೈಪ್‌ಗೆ 35-40 ಎಂಎಂ ಬೇಕು. ಇಲ್ಲದಿದ್ದರೆ ಮೇಲಿನ ತೆಳು ಗಾರೆ ಬಿರುಕು ಬಿಡುತ್ತದೆ. ಪೇಂಟ್ ಮಾಡಿದ ಮೇಲೆ ಸ್ವಿಚ್‌ಬೋರ್ಡ್‌ನಿಂದ ಮೋಲ್ಡ್‌ವರೆಗೆ ಉದ್ದಕ್ಕೆ ಕೂದಲೆಳೆ ಬಿರುಕು ಕಾಣುವ ಮನೆಗಳಲ್ಲಿ ಕಾರಣ ಹೆಚ್ಚಾಗಿ ಇದೇ. ಒಂದೋ ಆಳ ಕಡಿಮೆ, ಇಲ್ಲವೇ ಗಾರೆ ಹಿಡಿಯುವ ತಂತಿ ಜಾಲರಿ, ಅಂದರೆ ಚಿಕನ್ ಮೆಶ್, ಹಾಕಿಲ್ಲ.

ನಾಲ್ಕು ಇಂಚಿನ ಗ್ರೈಂಡರ್ ಎಲ್ಲರ ಹತ್ತಿರವೂ ಇದೆ. ಆಂಗಲ್ ಕತ್ತರಿಸುತ್ತದೆ, ಬೋಲ್ಟ್ ಕತ್ತರಿಸುತ್ತದೆ, ಡೈಮಂಡ್ ಬ್ಲೇಡ್ ಹಾಕಿದರೆ ಗೋಡೆಯನ್ನೂ ಕತ್ತರಿಸುತ್ತದೆ. ಆದರೆ ಗೇರ್ ತಲೆ ಅಡ್ಡ ಬರುವುದರಿಂದ ಆಳ ಹೆಚ್ಚು ಸಿಗುವುದಿಲ್ಲ. ಆಳ ಸಿಗಲಿ ಅಂತ ಗಾರ್ಡ್ ಬಿಚ್ಚಿ 110 ಎಂಎಂ ಅಥವಾ 5 ಇಂಚಿನ ಬ್ಲೇಡ್ ಹಾಕುವುದು ಸೈಟ್‌ಗಳಲ್ಲಿ ಮಾಮೂಲು. ಮಾಡಬೇಡಿ. ಇದು ನಿಮಿಷಕ್ಕೆ 11,000 ಸುತ್ತು ತಿರುಗುವ ಮಷಿನ್. ಬ್ಲೇಡ್ ಸಿಕ್ಕಿಹಾಕಿಕೊಂಡರೆ ಅದು ಹಾರುವುದು ಹಿಡಿದವನ ಕಡೆಗೇ, ನಡುವೆ ತಡೆಯಲು ಇರುವುದು ಆ ಗಾರ್ಡ್ ಒಂದೇ. ಮರ ಕತ್ತರಿಸುವ ಹಲ್ಲಿನ ಬ್ಲೇಡ್ ಅನ್ನು ಗ್ರೈಂಡರ್‌ಗೆ ಹಾಕುವವರಿಗಂತೂ ಏನು ಹೇಳುವುದು.

ಮಾರ್ಬಲ್ ಕಟರ್‌ಗೆ ಅಡಿಪಟ್ಟಿ ಇದೆ. ಆಳ ಹೊಂದಿಸಿ ಗೋಡೆಗೆ ಒರಗಿಸಿ ಎಳೆದರೆ ಗೆರೆ ನೇರ ಬರುತ್ತದೆ, 110 ಎಂಎಂ ಬ್ಲೇಡ್‌ನಲ್ಲಿ 30 ಎಂಎಂ ದಾಟಿ ಆಳವೂ ಸಿಗುತ್ತದೆ. ಬೆಲೆಯಲ್ಲಿ ಗ್ರೈಂಡರ್‌ಗಿಂತ ಸ್ವಲ್ಪ ಮೇಲೆ. ಮನೆ ವೈರಿಂಗ್ ಮಾಡುವವರಿಗೆ ಗ್ರೂವ್ ಕೆಲಸಕ್ಕೆ ನಾನು ಹೇಳುವುದು ಇದನ್ನೇ. ಎರಡು ಗೆರೆ ಎಳೆದು ನಡುವಿನದನ್ನು ಹ್ಯಾಮರ್‌ನ ಉಳಿಯಿಂದ ಎಬ್ಬಿಸುವುದು. ಬ್ಲೇಡ್ ತಗೊಳ್ಳುವಾಗ ಸಂದು ಸಂದಾಗಿ ಕತ್ತರಿಸಿದ ಅಂಚಿನದನ್ನು ಕೇಳಿ. ಒಣ ಕೆಲಸಕ್ಕೆ ಅದೇ ಸರಿ. ಅಂಚು ಪೂರ್ತಿ ಇರುವುದು ಟೈಲ್ಸ್‌ಗೆ, ನೀರು ಹಾಕಿ ಕತ್ತರಿಸಲು. ನಡುವಿನ ತೂತನ್ನೂ ನೋಡಿ. ನಾಲ್ಕಿಂಚಿನ ಗ್ರೈಂಡರ್‌ನದು 16 ಎಂಎಂ, ಮಾರ್ಬಲ್ ಕಟರ್‌ನದು 20 ಎಂಎಂ. ದೊಡ್ಡ ತೂತಿನ ಬ್ಲೇಡ್ ಅನ್ನು ಸಣ್ಣ ಸ್ಪಿಂಡಲ್‌ಗೆ ಅಂದಾಜಿನಲ್ಲಿ ಬಿಗಿದು ಓಡಿಸಿದರೆ ಮಷಿನ್ ನಡುಗುತ್ತದೆ, ಬೇರಿಂಗ್ ಹೋಗುತ್ತದೆ.

ವಾಲ್ ಚೇಸರ್‌ನಲ್ಲಿ ಎರಡು ಬ್ಲೇಡ್ ಜೊತೆಯಾಗಿ ಓಡುತ್ತವೆ. ಸುತ್ತ ಮುಚ್ಚಳ ಇದೆ, ಅದಕ್ಕೆ ವ್ಯಾಕ್ಯೂಮ್ ಪೈಪ್ ಸಿಕ್ಕಿಸಬಹುದು. ದೊಡ್ಡ ಕಂಪನಿಯ 150 ಎಂಎಂ ಬ್ಲೇಡ್‌ನ ಮಷಿನ್ ಒಂದೇ ಎಳೆತದಲ್ಲಿ 35 ಎಂಎಂ ಆಳ, 39 ಎಂಎಂ ಅಗಲದವರೆಗೆ ಎರಡು ಗೆರೆ ಹಾಕುತ್ತದೆ. ಕೆಲಸ ನೋಡಲು ಚೆಂದ. ಬೆಲೆ ಮಾತ್ರ ಮಾರ್ಬಲ್ ಕಟರ್‌ನ ಹಲವು ಪಟ್ಟು, ವ್ಯಾಕ್ಯೂಮ್ ಬೇರೆ ಕೊಳ್ಳಬೇಕು. ವ್ಯಾಕ್ಯೂಮ್ ಇಲ್ಲದೆ ಚೇಸರ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಜನ ವಾಸ ಇರುವ ಫ್ಲ್ಯಾಟ್‌ಗಳಲ್ಲಿ ರಿನೋವೇಶನ್ ಮಾಡುವವರಿಗೆ ಇದು ದುಡ್ಡು ವಾಪಸ್ ತರುತ್ತದೆ. ಸೋಫಾ, ಟಿವಿ, ಪಕ್ಕದ ಮನೆಯವರ ಬಾಗಿಲು ಎಲ್ಲದರ ಮೇಲೂ ಧೂಳು ಕೂರಿಸಿ ಬೈಸಿಕೊಳ್ಳುವುದು ತಪ್ಪುತ್ತದಲ್ಲ. ಖಾಲಿ ಸೈಟ್‌ನಲ್ಲಿ ಕೆಲಸ ಮಾಡುವವರಿಗೆ ಅಷ್ಟು ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ.

ಐದು ಬ್ಲೇಡ್ ಸಾಲಾಗಿ ಹಾಕಿ ಪೂರ್ತಿ ಗ್ರೂವ್ ಅನ್ನೇ ಪುಡಿ ಮಾಡುವ, ನೀರು ಚಿಮುಕಿಸುವ ಅಗ್ಗದ ಮಷಿನ್‌ಗಳೂ ಬಂದಿವೆ. ಮೇಲೆ ಹೇಳಿದ 4000 ವ್ಯಾಟ್ ಸ್ಟಿಕರ್ ಇವುಗಳದ್ದೇ. ಎಎಸಿ, ಇಟ್ಟಿಗೆಯಲ್ಲಿ ಬೇಗ ಓಡುತ್ತವೆ, ಸುಳ್ಳಲ್ಲ. ಉಳಿ ಹೊಡೆಯುವ ಕೆಲಸ ತಪ್ಪುತ್ತದೆ. ಆದರೆ ನೀರು, ಕರೆಂಟು, ಲೋಕಲ್ ವೈರಿಂಗ್ ಮೂರೂ ಒಂದೇ ಕೈಯಲ್ಲಿ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದ ಬೋರ್ಡ್‌ನಿಂದ ಇದನ್ನು ಓಡಿಸುವುದು ಬೇಡ. ಅದು ಟ್ರಿಪ್ ಆಗುತ್ತದೆ ಅಂತ ಬೈಪಾಸ್ ಮಾಡುವವರನ್ನು ಸೈಟ್‌ಗೆ ಸೇರಿಸುವುದೂ ಬೇಡ.

ಯಾವ ಮಷಿನ್ ಆದರೂ ಕತ್ತರಿಸುವ ಮಿತಿ ಗೋಡೆಯದ್ದು. ಕಟ್ಟಡದ ಲೆಕ್ಕದಲ್ಲಿ ಮೇಲಿಂದ ಕೆಳಗೆ ಬರುವ ಗ್ರೂವ್ ಗೋಡೆ ದಪ್ಪದ ಮೂರನೇ ಒಂದು ಭಾಗ ದಾಟಬಾರದು, ಅಡ್ಡ ಗ್ರೂವ್ ಆರನೇ ಒಂದು ಭಾಗ ದಾಟಬಾರದು. 4 ಇಂಚಿನ ಗೋಡೆಗೆ ಇದನ್ನು ಹಾಕಿ ನೋಡಿ. ಅಡ್ಡಕ್ಕೆ 16-17 ಎಂಎಂ. 20 ಎಂಎಂ ಪೈಪೂ ಕೂರುವುದಿಲ್ಲ. ಅಂದರೆ ಒಳಗೋಡೆಯಲ್ಲಿ ಉದ್ದಕ್ಕೆ ಅಡ್ಡ ಗ್ರೂವ್ ಎಳೆಯುವ ಅಭ್ಯಾಸವೇ ತಪ್ಪು. ಮೇಲಿನಿಂದ ಇಳಿಸಿ. ಪಿಲ್ಲರ್, ಬೀಮ್, ಮೈವಾನ್ ಗೋಡೆಗೆ ಕಟರ್ ಮುಟ್ಟಿಸುವಂತೆಯೇ ಇಲ್ಲ. ಓನರ್ ಎಷ್ಟೇ ಒತ್ತಾಯ ಮಾಡಲಿ.

ಧೂಳಿನ ಬಗ್ಗೆಯೂ ಹೇಳಿಬಿಡುತ್ತೇನೆ. ಕಾಂಕ್ರೀಟ್, ಇಟ್ಟಿಗೆ ಪುಡಿಯಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ, ಅದಕ್ಕೆ ವಾಸಿ ಮಾಡುವ ಔಷಧಿ ಇಲ್ಲ. ಕರ್ಚೀಫ್ ಕಟ್ಟಿಕೊಂಡರೆ ದೊಡ್ಡ ಧೂಳು ಮಾತ್ರ ನಿಲ್ಲುತ್ತದೆ. ಅಪಾಯದ ಸಣ್ಣ ಧೂಳು ನಿಲ್ಲುವುದಿಲ್ಲ. ಎನ್95 ಮಾಸ್ಕ್ ಒಂದು ಬ್ಲೇಡ್‌ಗಿಂತ ಅಗ್ಗ.

ವೈರ್ ಇರುವುದೋ, ಬ್ಯಾಟರಿಯದ್ದೋ

ಗ್ರೂವ್ ಕತ್ತರಿಸುವುದಕ್ಕೆ, ಇಡೀ ದಿನ ಉಳಿ ಹೊಡೆಯುವುದಕ್ಕೆ ವೈರ್ ಇರುವುದೇ ಸರಿ. ಬ್ಯಾಟರಿಯಲ್ಲಿ ಆಗುವುದಿಲ್ಲ ಅಂತಲ್ಲ, ಅಷ್ಟು ಬ್ಯಾಟರಿ ಕೊಳ್ಳುವ ದುಡ್ಡಿನಲ್ಲಿ ಇನ್ನೊಂದು ಮಷಿನ್ ಬರುತ್ತದೆ. ಫಿಟಿಂಗ್ ಕೆಲಸ ಶುರುವಾದ ಮೇಲೆ ಮಾತ್ರ ಲೆಕ್ಕ ತಿರುಗಿ ಬೀಳುತ್ತದೆ. ಪ್ಲೇಟ್, ಫ್ಯಾನ್, ಲೈಟ್, ಡಿಬಿ ಎಲ್ಲಾ ಕಡೆ ಸ್ಕ್ರೂ ಇವೆ. ಮನೆಗೆ ಇನ್ನೂ ಕರೆಂಟ್ ಬಂದಿರುವುದಿಲ್ಲ, ಬಂದಿದ್ದರೂ ಮೇನ್ ಆಫ್ ಮಾಡಿಕೊಂಡೇ ಕೆಲಸ. ಏಣಿ ಮೇಲೆ ವೈರ್ ಎಳೆದುಕೊಂಡು ಹತ್ತುವ ರಗಳೆಯೂ ಇಲ್ಲ.

12 ವೋಲ್ಟೋ 18 ವೋಲ್ಟೋ ಅನ್ನುವಾಗ ಮೊದಲು ಡಬ್ಬದ ಆಟ ಗೊತ್ತಿರಲಿ. 20 ವೋಲ್ಟ್ ಮ್ಯಾಕ್ಸ್ ಅಂತ ಬರೆದಿರುವುದು, 18 ವೋಲ್ಟ್ ಅಂತ ಬರೆದಿರುವುದು ಒಂದೇ. ಎರಡರಲ್ಲೂ ಐದೈದು ಸೆಲ್ ಸಾಲಾಗಿವೆ. ಫುಲ್ ಚಾರ್ಜ್ ಆದಾಗ 20, ಕೆಲಸದಲ್ಲಿ 18. ಹಾಗೇ 12 ವೋಲ್ಟ್ ಅನ್ನುವುದು ನಿಜದಲ್ಲಿ 10.8. ಹೋಲಿಸುವಾಗ ವೋಲ್ಟ್‌ಗೆ ಆಂಪ್ ಅವರ್ ಗುಣಿಸಿ. 10.8 ವೋಲ್ಟ್, 2 ಆಂಪ್ ಅವರ್ ಅಂದರೆ 21.6 ವ್ಯಾಟ್ ಅವರ್. 18 ವೋಲ್ಟ್, 4 ಆಂಪ್ ಅವರ್ ಅಂದರೆ 72. ಮೂರು ಪಟ್ಟಿಗೂ ಜಾಸ್ತಿ. ಭಾರವೂ ಹಾಗೇ.

ಸ್ವಿಚ್‌ಬೋರ್ಡ್ ಫಿಟಿಂಗ್, ಜಿಪ್ಸಮ್ ಸೀಲಿಂಗ್‌ನಲ್ಲಿ ಲೈಟ್ ತೂತು, ತಗಡಿಗೆ ಸ್ಕ್ರೂ ಇಷ್ಟಕ್ಕೆ 12 ವೋಲ್ಟ್ ಡ್ರಿಲ್ ಡ್ರೈವರ್ ಸಾಕು, ಎರಡು ಬ್ಯಾಟರಿಯ ಸೆಟ್ ತಗೊಳ್ಳಿ. 18 ವೋಲ್ಟ್ ಬೇಕಾಗುವುದು ಬ್ಯಾಟರಿ ರೋಟರಿ ಹ್ಯಾಮರ್ ಆಸೆ ಇದ್ದರೆ. ಮೋಲ್ಡ್‌ಗೆ ಸಾಲಾಗಿ ಆಂಕರ್ ಹೊಡೆಯುವ ಆಫೀಸ್ ಕೆಲಸ, ಸಿಸಿಟಿವಿ ಕೆಲಸ ಮಾಡುವವರಿಗೆ ಅದು ತುಂಬಾ ಅನುಕೂಲ.

ಡ್ರಿಲ್ ಡ್ರೈವರ್ ಬದಲು ಇಂಪ್ಯಾಕ್ಟ್ ಡ್ರೈವರ್ ತಗೊಳ್ಳಲಾ ಅಂತ ಹುಡುಗರು ಕೇಳುತ್ತಾರೆ. ಉದ್ದ ಸ್ಕ್ರೂ, ಬೋಲ್ಟ್, ಸ್ಟ್ರಕ್ಚರ್ ಕೆಲಸ ಇದ್ದರೆ ತಗೊಳ್ಳಿ. 18 ವೋಲ್ಟ್‌ನದು 150 ನ್ಯೂಟನ್ ಮೀಟರ್ ದಾಟಿ ತಿರುಚುತ್ತದೆ. ಎಂಸಿಬಿ ಟರ್ಮಿನಲ್ ಕೇಳುವುದು 2-3 ನ್ಯೂಟನ್ ಮೀಟರ್ ಆಸುಪಾಸು, ಸರಿಯಾದ ಅಂಕಿ ಎಂಸಿಬಿ ಮೇಲೋ ಅದರ ಚೀಟಿಯಲ್ಲೋ ಇರುತ್ತದೆ. ಬೇಕಾದಷ್ಟು ಬಿಗಿಯಾದ ಕೂಡಲೇ ತಿರುಚುವುದನ್ನು ಬಿಡುವ ಕ್ಲಚ್ ಇಂಪ್ಯಾಕ್ಟ್ ಡ್ರೈವರ್‌ಗೆ ಇಲ್ಲ. ಡಿಬಿ ಹತ್ತಿರ ಅದನ್ನು ತರಲೇಬೇಡಿ. ಟರ್ಮಿನಲ್‌ನ ಹಲ್ಲು ಹೋದರೆ ಹೊರಗಿನಿಂದ ಬಿಗಿಯಾಗಿದೆ ಅಂತಲೇ ಕಾಣುತ್ತದೆ. ಲೋಡ್ ಬಿದ್ದ ಮೇಲೆ ಬಿಸಿಯಾಗುತ್ತದೆ, ಒಂದು ದಿನ ಕಪ್ಪಗಾಗುತ್ತದೆ. ಡ್ರಿಲ್ ಡ್ರೈವರ್‌ನ ಕ್ಲಚ್ ಕಡಿಮೆ ನಂಬರ್‌ಗೆ ಇಟ್ಟು ಸ್ಕ್ರೂ ಓಡಿಸಿ, ಕೊನೆಯ ಬಿಗಿ ಕೈಯಲ್ಲೇ ಕೊಡಿ. ಮಾಡ್ಯುಲರ್ ಪ್ಲೇಟ್‌ಗೂ ಅದೇ ಕ್ರಮ. ಬರೀ ಫಿಟಿಂಗ್ ಮಾಡುವವರಿಗೆ 3.6 ವೋಲ್ಟ್‌ನ ಪುಟಾಣಿ ಸ್ಕ್ರೂಡ್ರೈವರ್ ಕೂಡ ಸಾಕು. ಅದರ ತಾಕತ್ತು ಸುಮಾರು 5 ನ್ಯೂಟನ್ ಮೀಟರ್, ಜೇಬಿನಲ್ಲಿ ಕೂರುತ್ತದೆ.

ಬ್ಯಾಟರಿ ಮಷಿನ್ ಕೊಳ್ಳುವವನು ಮಷಿನ್ ಜೊತೆ ಒಂದು ಕುಟುಂಬಕ್ಕೆ ಸೇರಿಕೊಳ್ಳುತ್ತಾನೆ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಕಂಪನಿಯಲ್ಲೂ ಎಲ್ಲವೂ ಕೂರುವುದಿಲ್ಲ. ಬಾಷ್‌ನ 18 ವೋಲ್ಟ್ ನೀಲಿ ಮಷಿನ್ ಬ್ಯಾಟರಿ ಅವರದ್ದೇ 18 ವೋಲ್ಟ್ ಹಸಿರು ಮಷಿನ್‌ಗೆ ಆಗುವುದಿಲ್ಲ. ಆದ್ದರಿಂದ ಮೊದಲ ಮಷಿನ್ ಕೊಳ್ಳುವಾಗಲೇ ಮುಂದೆ ಹ್ಯಾಮರ್, ಗ್ರೈಂಡರ್, ಬ್ಲೋವರ್ ಅದೇ ಬ್ಯಾಟರಿಯಲ್ಲಿ ಸಿಗುತ್ತದಾ ನೋಡಿ. ಮಕಿತಾ ಆಕಾರದ ಬ್ಯಾಟರಿ ಕೂರುವ ಹೆಸರಿಲ್ಲದ ಮಷಿನ್‌ಗಳು ಬೇಕಾದಷ್ಟು ಇವೆ. ಆಕಾರ ಒಂದೇ ಇದ್ದ ಮಾತ್ರಕ್ಕೆ ಒಳಗಿನ ಸೆಲ್, ಸರ್ಕ್ಯೂಟ್ ಒಂದೇ ಅಲ್ಲ. ಸಾಲದ್ದಕ್ಕೆ ರಾಯಚೂರು, ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸ್ಕೂಟರ್ ಡಿಕ್ಕಿಯಲ್ಲಿ ಮಧ್ಯಾಹ್ನ ಪೂರ್ತಿ ಬಿಟ್ಟ ಬ್ಯಾಟರಿಯನ್ನು ತೆಗೆದ ಕೂಡಲೇ ಚಾರ್ಜ್‌ಗೆ ಹಾಕಬೇಡಿ. ನೆರಳಲ್ಲಿ ತಣ್ಣಗಾಗಲಿ.

ಎಕ್ಸ್‌ಟೆನ್ಶನ್ ಬಾಕ್ಸ್ ಕೂಡ ಮಷಿನ್ನೇ

ಊರಿಗೆಲ್ಲ ವೈರ್ ಸೈಜ್ ಹೇಳುವವರು ಸ್ವಂತ ಎಕ್ಸ್‌ಟೆನ್ಶನ್‌ಗೆ ಮಾತ್ರ ಕೈಗೆ ಸಿಕ್ಕ ವೈರ್ ಹಾಕಿರುತ್ತಾರೆ. ಟೆಂಪರರಿ ಮೀಟರ್ ಸೈಟ್‌ನ ಮೂಲೆಯಲ್ಲಿ, ಕೆಲಸ ಎರಡನೇ ಮಹಡಿಯಲ್ಲಿ. 50 ಮೀಟರ್ ಉದ್ದಕ್ಕೆ 0.75 ಸ್ಕ್ವೇರ್ ಎಂಎಂ ವೈರ್‌ನಲ್ಲಿ 6 ಆಂಪ್ ಎಳೆದರೆ ಹೋಗಿ ಬರುವ ದಾರಿಯಲ್ಲೇ ಸುಮಾರು 16 ವೋಲ್ಟ್ ಕಳೆದುಹೋಗುತ್ತದೆ. 1.5 ಸ್ಕ್ವೇರ್‌ನಲ್ಲಿ ಅದು 8. ಸೈಟ್‌ನ ವೋಲ್ಟೇಜ್ ಮೊದಲೇ 200ರ ಹತ್ತಿರ ಇದ್ದರೆ ಆ ವ್ಯತ್ಯಾಸ ದೊಡ್ಡದು. ಮಷಿನ್ ನಿಧಾನ ಆಗುತ್ತದೆ, ನೀವು ಇನ್ನಷ್ಟು ಒತ್ತುತ್ತೀರಿ, ಆರ್ಮೇಚರ್ (ಮೋಟರ್‌ನ ತಿರುಗುವ ಸುರುಳಿ) ಸುಡುತ್ತದೆ, ಬೈಗುಳ ಕಂಪನಿಗೆ. 1.5 ಸ್ಕ್ವೇರ್ ಮೂರು ಕೋರ್ ವೈರ್, ಬೋರ್ಡ್‌ನಲ್ಲೇ 30 ಮಿಲಿಆಂಪ್ ಆರ್‌ಸಿಸಿಬಿ, ಓಡಿಸುವಾಗ ರೀಲ್ ಪೂರ್ತಿ ಬಿಚ್ಚಿ. ಮಷಿನ್‌ಗೆ ಬರೀ ಎರಡು ಕೋರ್ ವೈರ್ ಇದೆ, ಅರ್ಥ್ ಇಲ್ಲ ಅಂತ ಗಾಬರಿ ಬೇಡ. ಚೌಕದೊಳಗೆ ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಶನ್. ಎಕ್ಸ್‌ಟೆನ್ಶನ್‌ಗೆ ಮಾತ್ರ ಅರ್ಥ್ ಬೇಕೇ ಬೇಕು.

ಕೊಳ್ಳಬೇಡಿ, ಬಾಡಿಗೆಗೆ ತನ್ನಿ

ಕಾಂಕ್ರೀಟ್ ಒಡೆಯುವ 5 ಕೆಜಿ ಬ್ರೇಕರ್ ಮನೆ ವೈರಿಂಗ್‌ನವರಿಗೆ ವರ್ಷಕ್ಕೆ ಕೆಲವೇ ದಿನ ಬೇಕಾಗುತ್ತದೆ. ಬಾಡಿಗೆ ಸಾಕು. ದೊಡ್ಡ ಕೇಬಲ್‌ಗೆ ಲಗ್ (ತುದಿಗೆ ಹಾಕುವ ಲೋಹದ ಕೊಂಡಿ) ಒತ್ತುವ ಹೈಡ್ರಾಲಿಕ್ ಮಷಿನ್ ಕೂಡ ಹಾಗೇ. 16ರಿಂದ 300 ಸ್ಕ್ವೇರ್‌ವರೆಗಿನ ಕೈ ಪಂಪಿನದು ಬಾಡಿಗೆಗೆ ಸಿಗುತ್ತದೆ. ತಿಂಗಳಿಗೆರಡು ಪ್ಯಾನೆಲ್ ಕೆಲಸ ಬಂದರೆ ಮಾತ್ರ ಸ್ವಂತದ್ದು ಯೋಚಿಸಿ. ಆದರೆ ಬಾಡಿಗೆ ಮಷಿನ್‌ನ ಡೈ (ಲಗ್ ಒತ್ತುವ ಅಚ್ಚು) ಸವೆದಿದೆಯಾ ನೋಡಿ ತನ್ನಿ, ಸುತ್ತಿಗೆಯಲ್ಲಿ ಲಗ್ ಜಜ್ಜುವುದಂತೂ ಬೇಡ.

ಸ್ವಂತಕ್ಕೆ ಇಟ್ಟುಕೊಳ್ಳಬೇಕಾದ ಸಣ್ಣ ಮಷಿನ್ ಅಂದರೆ ಬ್ಲೋವರ್. ಬೆಲೆ ಕಡಿಮೆ. ಗಾರೆ ಬಿದ್ದ ಬಾಕ್ಸ್, ಧೂಳು ತುಂಬಿದ ಡಿಬಿ, ಆಂಕರ್ ತೂತು ಎಲ್ಲದಕ್ಕೂ ಆಗುತ್ತದೆ. ತೂತಿನ ಪುಡಿ ಊದದೆ ಪ್ಲಗ್ ಹಾಕಿದರೆ ಅದು ಪೂರ್ತಿ ಕೂರುವುದಿಲ್ಲ. ಇನ್ನು ದುಂಡು ತೂತು ಕತ್ತರಿಸುವ ಹೋಲ್‌ಸಾ ಸೆಟ್. ಡೌನ್‌ಲೈಟ್‌ಗಳ ಕಟೌಟ್ ಅಳತೆ ಕಂಪನಿಗೊಂದು ಥರ, ಹಾಗಾಗಿ ಅಳತೆ ಹೊಂದಿಸುವ ಕಟರ್ ಒಂದು ಜೊತೆಗಿರಲಿ. ಕತ್ತರಿಸುವ ಮೊದಲು ಬೆರಳಲ್ಲಿ ತಟ್ಟಿ ಸೀಲಿಂಗ್ ಒಳಗಿನ ಲೋಹದ ಚಾನೆಲ್ ಎಲ್ಲಿದೆ ಕಂಡುಕೊಳ್ಳಿ.

ಹತ್ತು ಸಾವಿರದ ಹ್ಯಾಮರ್ ಇಟ್ಟುಕೊಂಡು 500 ವೋಲ್ಟ್ ಮೆಗ್ಗರ್ (ವೈರ್‌ನ ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಇಲ್ಲದ ತುಂಬಾ ಜನರನ್ನು ನೋಡಿದ್ದೇನೆ. ಅದರ ಬಗ್ಗೆ ಬರೆಯಲು ಕೂತರೆ ಇದು ಮುಗಿಯುವುದಿಲ್ಲ.

ಕಂಪನಿಯದ್ದೋ, ಲೋಕಲ್ಲೋ

ಎಲ್ಲದಕ್ಕೂ ದೊಡ್ಡ ಹೆಸರು ಬೇಕು ಅಂತ ನಾನು ಹೇಳುವುದಿಲ್ಲ. ಒಳಗೆ ಪಿಸ್ಟನ್, ಗೇರ್ ಇರುವ ರೋಟರಿ ಹ್ಯಾಮರ್‌ಗೆ ಮತ್ತು ಕೈ ಹತ್ತಿರ ತಿರುಗುವ ಗ್ರೈಂಡರ್‌ಗೆ ದುಡ್ಡು ಹಾಕಿ. ಬಾಷ್, ಮಕಿತಾ, ಡಿವಾಲ್ಟ್ ಯಾವುದಾದರೂ ಸರಿ. ನಿಮ್ಮ ಊರಿಗೆ ಹತ್ತಿರ ಯಾರ ಸರ್ವಿಸ್ ಇದೆಯೋ ಅದೇ ಒಳ್ಳೆಯದು. ಮಾರ್ಬಲ್ ಕಟರ್, ಬ್ಲೋವರ್ ಮಧ್ಯಮ ದರ್ಜೆಯದ್ದಾದರೂ ನಡೆಯುತ್ತದೆ. ಧೂಳಿನಲ್ಲಿ ದುಡಿಯುವ ಕಟರ್ ಎಂಥದ್ದಾದರೂ ಸವೆಯುತ್ತದೆ. ತೀರಾ ಅಗ್ಗದ್ದರಲ್ಲಿ ಹೋಗುವುದು ಮೊದಲು ಸ್ವಿಚ್, ಆಮೇಲೆ ಬೇರಿಂಗ್. ಆ ಬಿಡಿಭಾಗ ಅಂಗಡಿಯಲ್ಲಿ ಸಿಗುತ್ತದಾ ಅಂತ ಕೊಳ್ಳುವ ದಿನವೇ ಕೇಳಿ.

ಮಷಿನ್ ಒಳ್ಳೆಯದು ತಗೊಂಡು ಬಿಟ್ ಅಗ್ಗದ್ದು ಹಾಕುವುದು ಇನ್ನೊಂದು ದಡ್ಡತನ. ಕಂಬಿ ತಾಗುವ ಕಾಂಕ್ರೀಟ್ ಕೆಲಸಕ್ಕೆ ತುದಿಯಲ್ಲಿ ನಾಲ್ಕು ಅಂಚು ಇರುವ ಎಸ್‌ಡಿಎಸ್ ಬಿಟ್ ತಗೊಳ್ಳಿ. ಎರಡು ಅಂಚಿನದು ಕಂಬಿಗೆ ಸಿಕ್ಕಿದರೆ ತುದಿ ಹಾರಿಹೋಗುತ್ತದೆ. 6 ಮತ್ತು 8 ಎಂಎಂ ಎರಡೆರಡು ಇರಲಿ.

ಸೆಕೆಂಡ್ ಹ್ಯಾಂಡ್ ಹ್ಯಾಮರ್ ನೋಡುವವರು ಖಾಲಿ ಓಡಿಸಿ ಒಪ್ಪಿಕೊಳ್ಳಬೇಡಿ. ಅಂಗಡಿಯ ಹೊರಗೆ ಕಾಂಕ್ರೀಟ್ ತುಂಡು ಇದ್ದೇ ಇರುತ್ತದೆ, 10 ಎಂಎಂ ಬಿಟ್ ಹಾಕಿ ತೂತು ಹೊಡೆಯಿರಿ. ಏಟು ಹಿಡಿಯಲು ತಡ ಮಾಡಿದರೆ ಪಿಸ್ಟನ್ ರಿಂಗ್ ಸವೆದಿದೆ. ಗಾಳಿ ಕಿಂಡಿಯಲ್ಲಿ ಕಾರ್ಬನ್ ಕಿಡಿ ಸುತ್ತಲೂ ಓಡಿದರೆ ಆರ್ಮೇಚರ್‌ಗೆ ದುಡ್ಡು ಎತ್ತಿಡಬೇಕು. ಹೊಸದಾದರೆ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡು, ವಾರಂಟಿ ರಿಜಿಸ್ಟ್ರೇಶನ್ ಅಂಗಡಿಯಲ್ಲಿ ನಿಂತೇ ಫೋನ್‌ನಲ್ಲಿ ಮಾಡಿಬಿಡಿ. ಮನೆಗೆ ಹೋದ ಮೇಲೆ ಯಾರೂ ಮಾಡುವುದಿಲ್ಲ.